ನೀಲವ್ವ ದೊಡ್ಡವ್ವನ ಮಡಚುವ ಟಾಪು

ಮೂಗಿನ ಮೇಲೆ ಕನ್ನಡಕ, ಹಲ್ಲಿನ ನಡುವೆ ಮೇಣ ಸವರಿದ ದಾರ, ಕಾರಿನ ಹಿಂದಿನ ಸೀಟಿನಲ್ಲಿ ಚಕ್ಕಳಮಕ್ಕಳ. ಅವ್ವನ ಅಕ್ಕ ನೀಲವ್ವ ದೊಡ್ಡವ್ವ ನನಗೆ ನೆನಪಾಗುವುದು ಹೀಗೇ. ನರಗುಂದದ ಗುಡ್ಡದ ಬುಡದಲ್ಲಿ ಅವಳ ಮನೆ. ತೀರಿಹೋದ ದೊಡ್ಡಪ್ಪ ಬಿಟ್ಟುಹೋದ ಹಳೇ ಕಾರಿಗೆ ಕೊಡೆಯಂತೆ ಬಿಚ್ಚಿ ಮಡಚುವ ಬಟ್ಟೆಯ ಟಾಪು. ಅದು ಹರಿದು ಚಿಂದಿಯಾದಾಗ ಮೈದುನ ಬಸಣ್ಣ, "ವೈನಿ, ತಗಡ ಬಡಸೂಣ್ರಿ. ಮಳಿ ಚಿಂತಿಲ್ಲ, ಧೂಳಿನ ಚಿಂತಿಲ್ಲ" ಅಂದ.

"ತಗಡ ನಿನ್ನ ದನದ ಕೊಟಗಿಗೆ ಬಡಸಪಾ. ನಿಮ್ಮಣ್ಣ ಗಾಳಿ ಕುಡಕೋಂತ ಅಡ್ಡಾಡಿದ ಗಾಡಿ ಇದು."

ದಪ್ಪ ಕ್ಯಾನ್ವಾಸು ತಂದು ತಾನೇ ಹೊಲಿದಳು. ಜಂಪರಿನ ಬಟ್ಟೆಯನ್ನೂ ನೀರಿಗೆ ಹಾಕದೆ ಕತ್ತರಿ ಮುಟ್ಟಿಸದವಳು, ಇದನ್ನು ಹಾಗೇ ಹೊಲಿದುಬಿಟ್ಟಿದ್ದಳು! ಮೊದಲ ಮಳೆಗೇ ಟಾಪು ಕುಗ್ಗಿ, ಮುಂದಿನ ಗಾಜಿಗೆ ಗೇಣು ಕಡಿಮೆ ಬಿತ್ತು. ಬಸಣ್ಣ ಹೊಟ್ಟೆ ಹಿಡಿದು ನಕ್ಕ.

"ನಗು, ನಗು. ಹಲ್ಲ ಅದಾವಲ್ಲ!"

ಮರುದಿನವೇ ಹೊಸ ಬಟ್ಟೆ ತಂದು ನೆನೆಹಾಕಿದಳು. ಈ ಸಲ ಸರಿಯಾಗಿ ಕೂತಿತು.

ಆಮೇಲೆ ಆ ಟಾಪಿಗೆ ನಡೆದದ್ದು ಮೊಮ್ಮಗುವಿನ ಆರೈಕೆ. ಬ್ರಷ್ಷಿನಿಂದ ಧೂಳು ತೆಗೆಯುವಳು, ಕೀಲುಗಳಿಗೆ ಎಣ್ಣೆ ಬಿಡುವಳು. ತೋಯ್ದ ಟಾಪನ್ನು ಮಡಚಲು ಮಾತ್ರ ದೇವರು ಬಂದರೂ ಬಿಡುತ್ತಿರಲಿಲ್ಲ. ಚುನಾವಣೆ ಗೆದ್ದ ಪುಢಾರಿಯೊಬ್ಬ ಮೆರವಣಿಗೆಗೆ ತೆರೆದ ಕಾರು ಬೇಕೆಂದು ಬಂದು ನಿಂತ. ಬೆಳಿಗ್ಗೆಯಷ್ಟೇ ಮಳೆ ಬಿದ್ದಿತ್ತು.

"ಹಸಿ ಬಟ್ಟಿ ಮಡಚಿದ್ರ ಬೂಷ್ಟ ಹಿಡೀತೈತ್ರಿ. ಒಣಗಲಿ, ಆಮ್ಯಾಲ ಇನ್ನೊಮ್ಮಿ ಗೆದ್ದ ಬರ್ರಿ."

ಅವಳು ಹಾಸಿಗೆ ಹಿಡಿದಾಗ ನೋಡಲು ಹೋದೆ. ಅಂಗಳದಲ್ಲಿ ಬಸಣ್ಣ, ಒಬ್ಬ ವೆಲ್ಡರು, ತಗಡು. "ಇನ್ನ ಅದನ್ನ ಬಿಚ್ಚಿ ಮಡಚೋರ ಯಾರದಾರ?" ಎಂದು ಬಸಣ್ಣ ಹೇಳಿದ್ದು ಒಳಗೆ ಕೇಳಿಸಿತು.

"ಎಬ್ಬಸ ನನ್ನ" ಅಂದಳು ದೊಡ್ಡವ್ವ. ನನ್ನ ಹೆಗಲು ಹಿಡಿದು, ಏದುಸಿರು ಬಿಡುತ್ತ ಬಂದು ಸ್ಟೇರಿಂಗಿನ ಮುಂದೆ ಕೂತಳು.

"ಬಡೀರಿ. ನನ್ನೂ ಒಳಗ ಸೇರಿಸಿ ಬಡೀರಿ."

ವೆಲ್ಡರು ಬಸಣ್ಣನ ಮುಖ ನೋಡಿದ, ಬಸಣ್ಣ ನೆಲ ನೋಡಿದ. ತಗಡು ಬಂದ ದಾರಿ ಹಿಡಿಯಿತು. ಎಂಥ ಹೆಂಗಸು! ಅವತ್ತು ಅವಳ ಮೇಲೆ ಬಂದ ಹೆಮ್ಮೆ ಇವತ್ತಿಗೂ ಇಳಿದಿಲ್ಲ. ಮತ್ತೆ ನಾನು ಅವಳನ್ನು ಕಾಣಲಿಲ್ಲ.

ಅವಳು ಹೋಗಿ ತಿಂಗಳು ತುಂಬಿರಲಿಲ್ಲ, ಬಸಣ್ಣ ವೆಲ್ಡರನ್ನು ಮತ್ತೆ ಕರೆಸುತ್ತಿದ್ದಾನೆಂದು ಸುದ್ದಿ ಬಂತು. ಸಿಟ್ಟು ನೆತ್ತಿಗೇರಿತು. ನಾನಿದ್ದ ಗಜೇಂದ್ರಗಡದಿಂದ ಮೊದಲ ಬಸ್ಸು ಹಿಡಿದೆ. ಅವರು ತಗಡು ಇಳಿಸುವ ಹೊತ್ತಿಗೆ ಸ್ಟೇರಿಂಗಿನ ಮುಂದೆ ನಾನು ಕೂತಿದ್ದೆ.