ಪಕ್ಕದ ಸೀಟಿನ ಬ್ರೇಕು

ನಮ್ಮ ಯಜಮಾನರು ಕಾರು ಓಡಿಸುವುದನ್ನು ಕಲಿಸಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಕಲಿಸುವ ಕಾರಿನಲ್ಲಿ ಅವರ ಕಾಲ ಬಳಿಯೂ ಒಂದು ಬ್ರೇಕಿದೆ. ಕಲಿಯುವವರು ಗಾಬರಿಯಾದರೆ ಇವರೇ ತುಳಿಯುತ್ತಾರೆ. ಯಾರನ್ನೂ ಗದರಿಸಿದ ಮನುಷ್ಯನಲ್ಲ. ಮನೆಯಲ್ಲಿ ಆ ಕೆಲಸ ನನ್ನದು. ಲೈಸೆನ್ಸ್ ಪರೀಕ್ಷೆಯ ದಿನವೂ ಅದೇ ಕಾರು, ಅದೇ ಸೀಟು. ಅಧಿಕಾರಿ ಹಿಂದೆ ಕೂರುತ್ತಾನೆ. ಯಾರಾದರೂ ತಡಬಡಾಯಿಸಿದರೆ ಇವರು ಮೆಲ್ಲಗೆ ಬ್ರೇಕ್ ತುಳಿದುಬಿಡುತ್ತಿದ್ದರು. "ಮೂರನೇ ಸಲ ಬಂದಿದ್ರು ಕಣೇ, ಅಯ್ಯೋ ಪಾಪ" ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದರು. ನಾನು ನಗುತ್ತಿದ್ದೆ.

ಹೀಗೆ ಪಾಸಾದವರಲ್ಲಿ ಒಬ್ಬಳು ಟೈಲರಮ್ಮ. ನಾಲ್ಕು ತಿಂಗಳ ಹಿಂದೆ ಶಾಲೆಯ ಮುಂದಿನ ರಸ್ತೆಯಲ್ಲಿ ಅವಳ ಕಾರಿಗೆ ಸಿಕ್ಕಿ ಸತ್ತವಳು ಇವರ ಅಕ್ಕನ ಒಬ್ಬಳೇ ಮಗಳು. ಬ್ರೇಕ್ ಹಾಕುವುದು ತಡವಾಯಿತಂತೆ.

ಈಗ ಹೊಸ ಕಾನೂನಿನ ಮಾತು ನಡೆದಿದೆ. ಗಾಡಿ ಗುದ್ದಿ ಜೀವ ತೆಗೆದವರಿಗೆ ಎರಡು ವರ್ಷದ ಶಿಕ್ಷೆ ಹತ್ತಾಗಬೇಕಂತೆ. ಮಗಳನ್ನು ಕಳೆದುಕೊಂಡ ಅತ್ತಿಗೆ ಅದಕ್ಕಾಗಿ ಮನೆಮನೆ ಅಲೆದು ಸಹಿ ಕೂಡಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಮನೆಗೂ ಬಂದರು.

"ಮೊದಲನೇ ಸಾಲು ನಿಂಗೇ ಬಿಟ್ಟಿದೀನಿ ಕಣೋ. ಸೋದರಮಾವ ಅಲ್ವಾ ನೀನು."

ಹುಡುಗಿಯ ಮುಖ ನೆನೆದರೆ ಹತ್ತು ವರ್ಷ ಏನೇನೂ ಸಾಲದು ಅನ್ನಿಸಿತು. ಇವರ ಮುಖ ನೋಡಿದರೆ ಈ ಕಾನೂನೇ ಬೇಡ ಅನ್ನಿಸಿತು. ಬೇಕೋ ಬೇಡವೋ, ನನ್ನ ತಲೆ ಚಿಟ್ಟು ಹಿಡಿಯಿತು. ಸುಮ್ಮನೆ ಸಹಿ ಹಾಕಿ ಕಳಿಸಬಾರದೇ ಮಹಾರಾಯ ಎಂದುಕೊಂಡೆ.

ಇವರು ಪೆನ್ನು ಕೆಳಗಿಟ್ಟರು.

"ಅಕ್ಕಾ, ಪರೀಕ್ಷೆ ದಿನ ಆಯಮ್ಮ ಬ್ರೇಕ್ ಹಾಕ್ಲೇ ಇಲ್ಲ. ನಾನು ಹಾಕ್ದೆ. ಪಾಸಾಗ್ಲಿ ಪಾಪ ಅಂತ."

"ಅಂದ್ರೆ?"

ಇವರು ಮತ್ತೊಮ್ಮೆ ಬಿಡಿಸಿ ಹೇಳಿದರು. ಅತ್ತಿಗೆ ಸಹಿಯ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹಾಗಾದ್ರೆ ಈ ಹತ್ತು ವರ್ಷ ಯಾರಿಗೆ ಕಣೋ?"

"ನಂಗೂ ಗೊತ್ತಾಗ್ತಿಲ್ಲಕ್ಕಾ."

ಅತ್ತಿಗೆ ನನ್ನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

ಊರಿಗೆಲ್ಲ ಜವಾಬು ಕೊಡುವ ಬಾಯಿ ನನ್ನದು. ಹೂಂ ಎಂದು ತಲೆಯಾಡಿಸಿದೆ, ಅಷ್ಟೇ.

"ಗೊತ್ತಿದ್ದೂ ಮಗಳು ಹೋದ ದಿನ ನನ್ನ ತಬ್ಬಿಕೊಂಡು ಅತ್ತಿದ್ಯಲ್ಲೇ."

ಆ ಅಳು ಸುಳ್ಳಾಗಿರಲಿಲ್ಲ. ಅದನ್ನು ಅವರಿಗೆ ಹೇಗೆ ಹೇಳುವುದು?