ತಾರೀಖಿಲ್ಲದ ಅಕ್ಕ

ಸ್ನೇಹಿತರೇ, ಇವತ್ತು ಶಂಕರಪುರಂ ಮನೇಲಿ ಅಮ್ಮನ್ನ ಪಕ್ಕ ಕೂರಿಸ್ಕೊಂಡು ನಮ್ಮ ವಂಶವೃಕ್ಷವನ್ನ ಕಂಪ್ಯೂಟರಿಗೆ ಹಾಕ್ತಿದ್ದೆ. ಮೂರು ತಿಂಗಳ ಕೂಸಾಗಿದ್ದಾಗಲೇ ಹೋದ ನನ್ನ ಅಕ್ಕನ ಸರದಿ ಬಂತು.

"ಯಾವತ್ತು ಹೋಗಿದ್ದಮ್ಮಾ?"

"ಪ್ಲವ ಸಂವತ್ಸರ, ಕಾರ್ತಿಕ ಬಹುಳ ತದಿಗೆ." ಒಂಚೂರೂ ತಡವರಿಸಲಿಲ್ಲ. ಹಸುಗೂಸಿಗೆ ಶ್ರಾದ್ಧ ಮಾಡಲ್ಲ. ಆ ತಿಥಿಯನ್ನ ಇಷ್ಟು ವರ್ಷ ಅಮ್ಮ ಒಬ್ಬಳೇ ನೆನಪಿಟ್ಕೊಂಡಿದ್ದಾಳೆ.

ಹಾಳು ಸಾಫ್ಟ್‌ವೇರಿಗೆ ಇಂಗ್ಲಿಷ್ ತಾರೀಖೇ ಬೇಕಂತೆ. "ಇದು ತಿಥಿ ತಗೊಳ್ಳಲ್ಲಮ್ಮಾ, ಗೊತ್ತಿಲ್ಲ ಅಂತ ಹಾಕ್ತೀನಿ" ಅಂದೆ.

"ಗೊತ್ತಿಲ್ಲ ಅಂತ ಯಾಕೋ ಹಾಕ್ತೀಯ? ನಂಗೆ ಗೊತ್ತಲ್ಲ!"

ಖಾಲಿ ಬಿಟ್ಟೆ. ತಕ್ಷಣ ಅಕ್ಕನ ಹೆಸರಿನ ಕೆಳಗೆ 'ಬದುಕಿದ್ದಾರೆ' ಅಂತ ತಾನಾಗೇ ಬಂತು. ಅಳಿಸೋಕೆ ಹೋದೆ, ಅಮ್ಮ ಕೈ ಹಿಡ್ಕೊಂಡಳು.

"ಇರಲಿ ಬಿಡೋ."

ಕಂಪನಿಯವರಿಗೆ ಚೆನ್ನಾಗಿ ಉಗಿದು ಬರೀಬೇಕು ಅಂತಿದ್ದೆ. ಈಗ ಏನಂತ ಬರೀಲಿ?