ಔಡಲೆಣ್ಣೆಯ ಹೊತ್ತು

ಬಸವಕಲ್ಯಾಣದ ಕೋಟೆಯ ಮಗ್ಗುಲಿನ ಓಣಿಯಲ್ಲಿ ಸೂಗಮ್ಮನ ಹಿಟ್ಟಿನ ಗಿರಣಿ ಇದೆ. ಸಂಜೆ ಯಂತ್ರ ತಿರುಗಿಸುವ ಪಟ್ಟಾ ನಿಂತು, ಗಾಳಿಯಲ್ಲಿ ಹಾರಾಡುವ ಜೋಳದ ಹಿಟ್ಟು ನೆಲಕ್ಕೆ ಇಳಿಯುವ ಹೊತ್ತಿಗೆ ಅವಳು ಹಿತ್ತಾಳೆಯ ಬಟ್ಟಲಲ್ಲಿ ಔಡಲೆಣ್ಣೆ, ಎಂದರೆ ಹರಳೆಣ್ಣೆ, ಬೆಚ್ಚಗೆ ಮಾಡಿಕೊಂಡು ಹೊಸ್ತಿಲ ಬಳಿ ಕೂರುತ್ತಿದ್ದಳು. ಅವಳ ನಾಯಿ ಹೀರಾ ಕುಂಟುತ್ತ ಬಂದು, ಕರೆಯದೆಯೇ, ಬಲ ಮುಂಗಾಲನ್ನು ಅವಳ ಅಂಗೈ ಮೇಲೆ ಇಡುತ್ತಿತ್ತು. ಆ ಪಾದದ ಮೆತ್ತೆಯ ನಡುವೆ ಜೋಳದ ಕಾಳಿನಷ್ಟು ಒಂದು ಆಣಿ. ಎಣ್ಣೆ ತಿಕ್ಕಿ ಮೆತ್ತಗೆ ಮಾಡಿದರೆ ಮರುದಿನ ನಾಲ್ಕು ಹೆಜ್ಜೆ ನಡೆಯಲು ಬರುತ್ತಿತ್ತು. ಒಂದು ಸಂಜೆ ತಪ್ಪಿದರೆ ದಿನವಿಡೀ ಕಾಲೆತ್ತಿಕೊಂಡೇ ಇರುತ್ತಿತ್ತು. ಲಿಂಗಪೂಜೆ ಕೂಡ ಈ ಕೆಲಸ ಮುಗಿದು ಕೈ ತೊಳೆದ ಮೇಲೆಯೇ.

“ನಮ್ಮ ಮನ್ಯಾಗ ದೇವರಿಗೆ ಎರಡನೇ ಪಾಳಿ ಬಂತು,” ಎನ್ನುತ್ತಿದ್ದ ಗಂಡ ಮಹಾರುದ್ರಪ್ಪ.

“ದೇವರ ಕಾಲಾಗ ಆಣಿ ಇಲ್ರಿ,” ಎನ್ನುತ್ತಿದ್ದಳು ಸೂಗಮ್ಮ.

ಹೀರಾ ಗ್ರೇಹೌಂಡ್ ಜಾತಿಯದು. ಉದ್ದ ಕಾಲು, ಬಿಲ್ಲಿನಂತೆ ಬಾಗಿದ ಬೆನ್ನು, ಬೂದಿ ಬಣ್ಣ. ಸೊಲ್ಲಾಪುರದ ಕಡೆಯ ಯಾರೋ ಓಟದ ಪಂದ್ಯಕ್ಕೆಂದು ಸಾಕಿದ್ದು; ಹಿಂಗಾಲು ಮುರಿದಾಗ ಹುಮನಾಬಾದಿನ ದವಾಖಾನೆಯಲ್ಲಿ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಅಲ್ಲಿನ ದನದ ಡಾಕ್ಟರ ಸಂಜೀವಕುಮಾರ ಸೂಗಮ್ಮನ ತಮ್ಮ. ಪಂಚಮಿಗೆ ತವರಿಗೆ ಹೋದ ಅಕ್ಕನ ಕೈಗೆ ಆ ವರ್ಷ ಅವನು ಸೀರೆಯ ಜೊತೆ ಒಂದು ಹಗ್ಗದ ತುದಿಯನ್ನೂ ಕೊಟ್ಟ.

“ಓಡೂದು ಮುಗೀತು ಇದರದು. ಕೂತು ಬಾಳೇವು ಮಾಡೂದು ನೀ ಕಲಿಸಕ್ಕಾ.”

ಕಲಿತವಳು ಸೂಗಮ್ಮನೇ. ಆ ನಾಯಿಯ ತೊಗಲು ಎಷ್ಟು ತೆಳುವೆಂದರೆ ಜಾಲಿಯ ಮುಳ್ಳು ತಾಗಿದರೂ ಹಳೆಯ ಧೋತರದಂತೆ ಹರಿಯುತ್ತಿತ್ತು. ಮೈಯಲ್ಲಿ ಕೊಬ್ಬಿಲ್ಲ, ಚಳಿಗೆ ಕೌದಿಯ ತುಂಡಿನಿಂದ ಹೊಲಿದ ಅಂಗಿ, ಬೇಸಿಗೆಗೆ ಹಾಸಲು ಒದ್ದೆ ಗೋಣಿಚೀಲ. ಒಂದೇ ಸಲ ಹೊಟ್ಟೆ ತುಂಬ ಹಾಕುವಂತಿಲ್ಲ, ಉಂಡ ಕೂಡಲೇ ಓಡಲು ಬಿಡುವಂತಿಲ್ಲ. ಹೊಟ್ಟೆ ಉಬ್ಬಿ ಒಳಗೇ ತಿರುಚಿಕೊಂಡರೆ ಹುಮನಾಬಾದ ಮುಟ್ಟುವುದರೊಳಗೆ ಜೀವ ಹೋಗುತ್ತದೆ ಎಂದು ತಮ್ಮ ಹೆದರಿಸಿದ್ದ. ಹಲ್ಲು ಕೆಡದಂತೆ ಬಟ್ಟೆ ಸುತ್ತಿದ ಬೆರಳಿನಿಂದ ದಿನವೂ ಉಜ್ಜುತ್ತಿದ್ದಳು. ಹೀರಾ ಅವಳ ಬೆರಳನ್ನು ಒಮ್ಮೆಯೂ ಕಚ್ಚಲಿಲ್ಲ.

ಒಂದು ಸಂಗತಿಯನ್ನು ಮಾತ್ರ ತಮ್ಮ ಹೇಳಲು ಮರೆತಿದ್ದ. ಹೀರಾ ಕಣ್ಣು ತೆರೆದೇ ಮಲಗುತ್ತಿತ್ತು. ಈ ಜಾತಿಯಲ್ಲಿ ಅದು ಇದ್ದದ್ದೇ ಎಂದು ಅವನು ಆಮೇಲೆ ಫೋನಿನಲ್ಲಿ ನಕ್ಕ. ಆದರೆ ಬೀಸಲು ಬಂದ ಹೆಂಗಸರಿಗೆ ಅದು ನಗುವ ಮಾತಾಗಿರಲಿಲ್ಲ. ಎದುರುಮನೆಯ ಯಶೋದಾಬಾಯಿ ಜೋಳದ ಬುಟ್ಟಿ ಕೆಳಗಿಡುತ್ತ ಹಿಂದೆ ತಿರುಗಿ ನೋಡುತ್ತಿದ್ದಳು.

“ಏ ಸೂಗವ್ವಾ, ಇದು ಯಾರನ್ನ ನೋಡಾಕತ್ತದ? ನನ್ನ ಹಿಂದ ಯಾರೂ ಇಲ್ಲಲ್ಲ?”

“ನಿಮ್ಮ ಅತ್ತಿ ಇರಬೇಕು ನೋಡ್ರಿ. ಸೊಸಿ ಹಿಟ್ಟು ಸಣ್ಣಗ ಬೀಸಸ್ತಾಳೋ ಇಲ್ಲೋ ಅಂತ ಬಂದಿರ್ತಾರ.”

ಎಲ್ಲರೂ ನಗುತ್ತಿದ್ದರು. ಯಶೋದಾಬಾಯಿಯೂ ನಗುತ್ತಿದ್ದಳು, ಆದರೆ ಆ ಕಣ್ಣುಗಳ ನೇರಕ್ಕೆ ಮಾತ್ರ ಕೂರುತ್ತಿರಲಿಲ್ಲ.

ಹೋದ ಗಣೇಶ ಚೌತಿ ಕಳೆದ ಮೇಲೆ ಸಂಜೀವಕುಮಾರನ ಫೋನು ಬಂತು. ರಾಜೇಶ್ವರದ ದಿಲ್ಶಾದ್ ಬೇಗಂ ಎಂಬವರ ನಾಯಿ, ಬಾದಲ್ ಎಂದು ಹೆಸರು, ಇದೇ ಜಾತಿಯದು. ಉಣ್ಣಿ ಕಡಿದು ಬಂದ ಜ್ವರಕ್ಕೆ ಅದರ ರಕ್ತವೆಲ್ಲ ಬತ್ತಿ ವಸಡು ಸುಣ್ಣದಂತಾಗಿದೆ. “ಹೀರಾನ ರಕ್ತ ಭಾಳ ದಪ್ಪ ಅದ ಅಕ್ಕಾ. ಸ್ವಲ್ಪ ಕೊಟ್ರ ಅದು ಉಳಿತದ.”

ದವಾಖಾನೆಯಲ್ಲಿ ಎರಡು ಮೇಜುಗಳ ಮೇಲೆ ಎರಡು ಬೂದಿ ನಾಯಿಗಳು. ಹೀರಾಳ ಕುತ್ತಿಗೆಯಿಂದ ಚೀಲಕ್ಕೆ ಇಳಿದ ರಕ್ತ, ಚೀಲದಿಂದ ನಿಧಾನವಾಗಿ ಬಾದಲ್‌ನ ಕಾಲಿಗೆ ಇಳಿಯಿತು. ದಿಲ್ಶಾದ್ ಬೇಗಂ ಬಾದಲ್‌ನ ಕಿವಿಯನ್ನು ಬೆರಳುಗಳ ನಡುವೆ ಹಿಡಿದುಕೊಂಡೇ ನಿಂತಿದ್ದಳು. ಲಾರಿ ಓಡಿಸುತ್ತಿದ್ದ ಅವಳ ಗಂಡ ಮುಜಾಫರ್ ಅದನ್ನು ಮರಿ ಇದ್ದಾಗ ತಂದವನು, ಈಗ ಅವನಿಲ್ಲ.

“ಇವನೂ ಹೋದ್ರ, ನಮ್ಮವರ ದನಿ ಗುರುತಿದ್ದೋರು ಮನ್ಯಾಗ ಯಾರೂ ಉಳಿಯಂಗಿಲ್ಲ ಅಕ್ಕಾ,” ಎಂದಳು.

ಸಂಜೆಯ ಹೊತ್ತಿಗೆ ಬಾದಲ್‌ನ ವಸಡಿಗೆ ಬಣ್ಣ ಬಂತು. ಅಷ್ಟು ಹೊತ್ತೂ ಹೀರಾ ಅದನ್ನೇ ನೋಡುತ್ತಿತ್ತು. ಎಚ್ಚರವಿದ್ದು ನೋಡುತ್ತಿತ್ತೋ, ನಿದ್ದೆಯಲ್ಲಿ ನೋಡುತ್ತಿತ್ತೋ, ಸೂಗಮ್ಮನಿಗೂ ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲಿನ ಒಂದು ಸಂಜೆ ಹೀರಾ ಎದ್ದು ಬರಲಿಲ್ಲ. ಚಳಿ ಬಿದ್ದಿದೆ, ಮಲಗಿರಲಿ ಎಂದು ಸೂಗಮ್ಮನೇ ಬಟ್ಟಲು ಹಿಡಿದು ಅದರ ಹತ್ತಿರ ಹೋದಳು. ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡು ತಿಕ್ಕಿದಳು. ಪಾದ ತಣ್ಣಗಿತ್ತು, ಚಳಿಗಾಲದಲ್ಲಿ ಅದರ ಪಾದ ಯಾವಾಗಲೂ ತಣ್ಣಗೇ. ಕಣ್ಣು ಅವಳನ್ನೇ ನೋಡುತ್ತಿದ್ದವು. ಅದೂ ಯಾವಾಗಲೂ ಇದ್ದದ್ದೇ. ಅವತ್ತಿನ ಬೀಸಿದ್ದು, ಬಂದವರು ಹೋದವರು ಎಲ್ಲ ಹೇಳುತ್ತ ಆಣಿಗೆ ಎಣ್ಣೆ ಇಂಗಿಸಿದಳು. ಕೈ ತೊಳೆದು ಪೂಜೆ ಮುಗಿಸಿ ಹಾಲಿನಲ್ಲಿ ರೊಟ್ಟಿ ಮುರಿದು ತಂದಾಗ ಮಹಾರುದ್ರಪ್ಪ ನಾಯಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ.

“ಬಟ್ಟಲ ಕೆಳಗಿಡು, ಸೂಗಾ. ಇದು ಮಧ್ಯಾಹ್ನನೇ ಹೋಗ್ಯದ. ಕಾಲು ಸೆಟದಾವ ನೋಡು.”

ಹೃದಯ ನಿಂತಿದೆ, ರಕ್ತ ಕೊಟ್ಟಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ತಮ್ಮ ಹೇಳಿದ. ನಾರಾಯಣಪುರದ ದಾರಿಯಲ್ಲಿರುವ ಹೊಲದ ಬದುವಿಗೆ ಅದನ್ನು ಮಣ್ಣು ಮಾಡಿದರು. ಕಣ್ಣು ಮುಚ್ಚಲು ಬರಲಿಲ್ಲ. ಸೂಗಮ್ಮ ಕೌದಿಯ ಅಂಗಿಯನ್ನೇ ಅದರ ಮುಖದ ಮೇಲೆ ಹೊದಿಸಿದಳು.

ಕೆಲವು ದಿನ ಕಳೆದಿರಬೇಕು. ಪಟ್ಟಾ ಇಳಿಸಿ ಅವಳು ಸುಮ್ಮನೆ ಹೊಸ್ತಿಲ ಮೇಲೆ ಕೂತಿದ್ದಳು. ಓಣಿಯ ತುದಿಯಿಂದ ಒಂದು ಬೂದಿ ನಾಯಿ ಏದುಸಿರು ಬಿಡುತ್ತ ಬಂದು ಅವಳ ಮುಂದೆ ನಿಂತಿತು. ಕೊರಳಲ್ಲಿ ಹಸಿರು ಪಟ್ಟಿ: ಬಾದಲ್. ಅದು ಈ ಊರು ಕಂಡದ್ದಲ್ಲ, ಈ ಮನೆ ಕಂಡದ್ದಲ್ಲ. ನಿಂತು ಒಂದು ಗಳಿಗೆ ನೋಡಿತು. ಆಮೇಲೆ ಬಲ ಮುಂಗಾಲೆತ್ತಿ ಅವಳ ಅಂಗೈ ಮೇಲೆ ಇಟ್ಟಿತು.

ಸೂಗಮ್ಮ ಪಾದ ತಿರುಗಿಸಿ ನೋಡಿದಳು. ಮೆತ್ತೆ ನುಣ್ಣಗಿತ್ತು. ಆಣಿ ಇರಲಿಲ್ಲ. ಅವಳು ಒಳಗೆ ಹೋಗಿ ಎಣ್ಣೆ ಬೆಚ್ಚಗೆ ಮಾಡಿ ತಂದಳು.

“ವಾಸನಿ ಹಿಡದು ಬಂದಿರಬೇಕು,” ಎಂದ ಸಂಜೀವಕುಮಾರ ಫೋನಿನಲ್ಲಿ.

“ಇವು ಮೂಗಿನ ನಾಯಿ ಅಲ್ಲ, ಕಣ್ಣಿನ ನಾಯಿ ಅಂತ ನೀನೇ ಹೇಳಿದ್ದಿ.”

“ನೀ ಏನೇನೋ ತಲ್ಯಾಗ ಹಚ್ಚಿಕೋಬ್ಯಾಡಕ್ಕಾ. ಕೊಟ್ಟ ರಕ್ತ ಮೂರು ಮೂರೂವರೆ ತಿಂಗಳು ಇರ್ತದ, ಅಷ್ಟ. ಎಳ್ಳಮಾಸಿ ಹೊತ್ತಿಗೆ ಅದರ ಮೈಯಾಗ ಹೀರಾಂದು ಒಂದು ಹನಿ ಉಳಿಯಂಗಿಲ್ಲ.”

ಸಮಾಧಾನಕ್ಕೆ ಹೇಳಿದ ಮಾತು. ಸೂಗಮ್ಮನಿಗೆ ಕೇಳಿಸಿದ್ದೇ ಬೇರೆ: ಎಳ್ಳಮಾವಾಸ್ಯೆಯ ತನಕ ಹೀರಾ ಇದ್ದಾಳೆ.

ದಿಲ್ಶಾದ್ ಬೇಗಂ ಆಟೋ ಮಾಡಿಕೊಂಡು ಬಂದು ಬಾದಲ್‌ನನ್ನು ಕರೆದೊಯ್ದಳು. ಅದು ಮತ್ತೆ ಬಂತು. ಹಗ್ಗ ಕಡಿದು ಬಂತು, ಗೋಡೆ ಹಾರಿ ಬಂತು. ಬಂದಾಗೆಲ್ಲ ಸಂಜೆಯ ಅದೇ ಹೊತ್ತು, ಅದೇ ಕಾಲು. ಗಿರಣಿಯ ನೆಲದ ಹಿಟ್ಟಿನಲ್ಲಿ ಅದರ ಹೆಜ್ಜೆ ಮೂಡುತ್ತಿದ್ದವು: ಮೂರು ಆಳವಾಗಿ, ಬಲ ಮುಂಗಾಲಿನದು ಬರೀ ಉಗುರು ತಾಗಿದಷ್ಟು. ನೋವಿಲ್ಲದ ಕಾಲನ್ನು ಅದು ಯಾಕೆ ಎತ್ತಿ ನಡೆಯಬೇಕು? ಮಹಾರುದ್ರಪ್ಪ ಆ ಹೆಜ್ಜೆಗಳನ್ನು ನೋಡಿದ. ಕಸಬರಿಗೆ ತಂದು ಗುಡಿಸಿದ. ಸೂಗಮ್ಮ ಮಾತ್ರ ಸಂಜೆಯಾದರೆ ಬಾಗಿಲು ತೆರೆದಿಟ್ಟು, ಬಟ್ಟಲು ಬೆಚ್ಚಗಿಟ್ಟುಕೊಂಡು ಕಾಯತೊಡಗಿದಳು. ಕರೆಯುತ್ತಿರಲಿಲ್ಲ. ಕಾಯುವುದೂ ಕರೆದಂತೆಯೇ ಎಂದು ಅವಳಿಗೆ ಗೊತ್ತಿತ್ತು.

ರಾಜೇಶ್ವರದಿಂದ ಬರುವುದೆಂದರೆ ಹೆದ್ದಾರಿ. ಎಳ್ಳಮಾವಾಸ್ಯೆಗೆ ಇನ್ನೂ ಸ್ವಲ್ಪ ದಿನ ಇದ್ದಾಗ ಬಾದಲ್ ತೊಡೆಯ ತೊಗಲು ಬಟ್ಟೆಯಂತೆ ಜೋತಾಡುತ್ತ ಬಂತು. ಹೆದ್ದಾರಿಯ ಬಂಗ್ಲಾ ಕ್ರಾಸಿನ ಹತ್ತಿರ ಲಾರಿ ಸವರಿಕೊಂಡು ಹೋಗಿತ್ತು. ಪಕ್ಕೆಲುಬು ಎಣಿಸುವಂತಾಗಿತ್ತು, ಪಾದಗಳು ಒಡೆದಿದ್ದವು. ಅಷ್ಟಾದರೂ ಅದು ರಕ್ತ ಸೋರುವ ಕಾಲು ಬಿಟ್ಟು, ಗಟ್ಟಿ ಇದ್ದ ಆ ಬಲ ಮುಂಗಾಲನ್ನೇ ಚಾಚಿತು. ಸೂಗಮ್ಮನಿಗೆ ಮೊದಲ ಸಲ ಅದರ ಮೇಲೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು, ತನ್ನ ಮೇಲೆ.

ಹುಮನಾಬಾದಿನಲ್ಲಿ ಹೊಲಿಗೆ ಹಾಕಿಸಿ ಹೊರಗೆ ಬಂದಾಗ ದಿಲ್ಶಾದ್ ಬೇಗಂ ದನಿ ಏರಿಸದೆ ಹೇಳಿದಳು:

“ರಕ್ತ ನಿಮ್ಮದಿರಬಹುದು ಅಕ್ಕಾ, ನಾಯಿ ನಂದು. ನೀವು ಬಾಗಲ ತೆಗೀತೀರಿ, ಅದಕ್ಕ ಇವ ಬರ್ತಾನ. ಇನ್ನೊಂದ್ಸಲ ಬಂದ್ರ ಜೀವಂತ ಮುಟ್ಟತಾನೋ ಇಲ್ಲೋ, ನೀವೇ ಹೇಳ್ರಿ.”

ಸೂಗಮ್ಮ ಬಾದಲ್‌ನ ಹೊಲಿಗೆಯನ್ನು ನೋಡಿದಳು. ಇಂಥ ತೆಳು ತೊಗಲು ಎರಡನೇ ಸಲ ಹರಿದರೆ ಹೊಲಿಯಲು ಅಂಚೂ ಸಿಗದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

“ತೆಗಿಯಂಗಿಲ್ಲವ್ವ,” ಎಂದಳು. “ಬಂದು ಒದರಿದ್ರೂ ತೆಗಿಯಂಗಿಲ್ಲ. ಒಮ್ಮೆ ಸುಮ್ಮನೆ ತಿರುಗಿ ಹೋದ್ರ ಮತ್ತ ಬರೂದಿಲ್ಲ.”

ಎಳ್ಳಮಾವಾಸ್ಯೆಯ ಮರುದಿನ. ಮಹಾರುದ್ರಪ್ಪ ಹಿಂದಿನ ದಿನ ಹೊಲದಲ್ಲಿ ಉಂಡು ಬಿಟ್ಟು ಬಂದಿದ್ದ ಪಾತ್ರೆ ತರಲು ನಾರಾಯಣಪುರದ ಕಡೆ ಹೋಗಿದ್ದ. ಕತ್ತಲಾಗುವ ಹೊತ್ತಿಗೆ ಕರೆಂಟು ಹೋಯಿತು. ಗಿರಣಿ ತಾನೇ ನಿಂತಿತು. ಆ ಸದ್ದು ಹೋದ ಮೇಲಿನ ನಿಶ್ಶಬ್ದದಲ್ಲಿ ಮುಚ್ಚಿದ ಬಾಗಿಲ ಹೊರಗೆ ಹೆಜ್ಜೆ ಕೇಳಿಸಿತು. ಕಲ್ಲಿನ ಮೇಲೆ ಉಗುರಿನ ಸಪ್ಪಳ: ಮೂರು, ಒಂದು ಬಿಡುವು, ಮೂರು, ಒಂದು ಬಿಡುವು.

ಸೂಗಮ್ಮ ಎದ್ದು ಅಗುಳಿಯ ಮೇಲೆ ಕೈಯಿಟ್ಟಳು. ಕೊಟ್ಟ ಮಾತು ನೆನಪಾಗಿ ಕೈ ಹಿಂದೆಗೆದಳು. ಹೊರಗೆ ಒಂದು ಪಾದ ಬಾಗಿಲನ್ನು ಮೆಲ್ಲಗೆ ಸವರಿತು. ಒಮ್ಮೆ. ಅವಸರವಿಲ್ಲದೆ ಇನ್ನೊಮ್ಮೆ.

“ಹೋಗಪಾ,” ಎಂದಳು ಬಾಗಿಲಿಗೆ ಹಣೆ ಹಚ್ಚಿ. “ಅವ್ವ ಕಾಯಾಕತ್ತಾಳ ಅಲ್ಲಿ. ಹೋಗು ನಮ್ಮಪ್ಪ.”

ಸಪ್ಪಳ ನಿಂತಿತು. ಹೋಗಲಿಲ್ಲ. ಬಾಗಿಲ ಆಚೆ ಅದು ಉಸಿರಾಡುವುದು ಕೇಳಿಸುತ್ತಿತ್ತು. ಈ ಕತ್ತಲಲ್ಲಿ ಮತ್ತೆ ಹೆದ್ದಾರಿಗೆ ಇಳಿದರೆ ಎಂದು ಹೆದರಿ ಸೂಗಮ್ಮ ಫೋನು ಹಚ್ಚಿದಳು.

“ದಿಲ್ಶಾದ್, ಬಾಗಲ ತೆಗದಿಲ್ಲ ನಾ. ಆದ್ರ ಇವ ಹೋಗವಲ್ಲ. ಲಗೂನ ಯಾರನ್ನರ ಕಳಸು.”

“ಯಾರು ಅಕ್ಕಾ?”

“ಬಾದಲ್. ಬಂದಾನಲ್ಲ.”

ಆ ಕಡೆಯಿಂದ ಕಬ್ಬಿಣದ ಬಟ್ಟಲೊಂದು ನೆಲದ ಮೇಲೆ ಜರುಗಿದ ಸದ್ದು ಬಂತು.

“ಬಾದಲ್ ಇಲ್ಲೇ ನನ್ನ ಕಾಲಾಗ ಮಲಗ್ಯಾನ ಅಕ್ಕಾ. ಈಗರ ಉಂಡ. ನಿಮಗ ಹೇಳಬೇಕಂತ ಇದ್ದೆ, ಇವತ್ತು ಮುಂಜಾನಿಯಿಂದ ನಾಕೂ ಕಾಲು ಊರಿ ನಡದಾಡಾಕತ್ತಾನ.”

ಸೂಗಮ್ಮ ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟಳು. ಹೊರಗಿನ ಉಸಿರು ಇನ್ನೂ ಇತ್ತು. ಬಾದಲ್‌ಗೆಂದು ಕೊಟ್ಟ ಮಾತು ಉಳಿದಿತ್ತು. ಆ ಮಾತಿಗೂ ಈ ಬಾಗಿಲಿಗೂ ಈಗ ಸಂಬಂಧವಿರಲಿಲ್ಲ. ಅವಳು ಒಲೆಯ ಕೆಂಡದ ಮೇಲೆ ಬಟ್ಟಲಿಟ್ಟು ಎಣ್ಣೆ ಬೆಚ್ಚಗಾಗುವ ತನಕ ಕಾದಳು. ಬೆರಳು ಅದ್ದಿ ಬಿಸಿ ನೋಡಿದಳು. ಆಮೇಲೆ ಬಂದು ಅಗುಳಿ ಸರಿಸಿದಳು.

ಓಣಿ ಖಾಲಿ ಇತ್ತು. ಎದುರುಮನೆಯ ಯಶೋದಾಬಾಯಿಯ ಕಿಟಕಿಯಲ್ಲಿ ಒಂದು ಚಿಮಣಿ ದೀಪ ಉರಿಯುತ್ತಿತ್ತು. ಸೂಗಮ್ಮ ಯಾವಾಗಲೂ ಕೂರುವಂತೆ ಹೊಸ್ತಿಲ ಬಳಿ ಕೂತು, ಬಟ್ಟಲನ್ನು ಎಡಕ್ಕಿಟ್ಟು, ಬಲಗೈ ಕತ್ತಲೆಗೆ ಚಾಚಿ ಕಣ್ಣು ಮುಚ್ಚಿಕೊಂಡಳು.

ಅಂಗೈ ಮೇಲೆ ತಣ್ಣಗಿನ ಭಾರವೊಂದು ಬಿತ್ತು. ಅವಳ ಹೆಬ್ಬೆರಳು ಅದರ ನಡುವಿಗೆ ತಾನಾಗಿಯೇ ಹೋಯಿತು. ಅಲ್ಲಿ ಜೋಳದ ಕಾಳಿನಷ್ಟು ಗಟ್ಟಿಯಾದದ್ದೊಂದು ತಾಗಿತು.

“ಭಾಳ ದಿನ ತಪ್ಪಿಸಿದ್ನಲ್ಲವ್ವ,” ಎಂದು ಸೂಗಮ್ಮ ಬೆರಳಿಗೆ ಎಣ್ಣೆ ತೆಗೆದುಕೊಂಡಳು.